ತರಗತಿಯೆಲ್ಲ ಒಟ್ಟಿಗೆ ಹೇಳಿದ ತಪ್ಪು

ಸುಜಾತಾ, ಅಂದು ನೀನು ಹೇಳಿದ್ದೇ ಸರಿ. ತಪ್ಪು ನನ್ನದು — ಗೊತ್ತಾದ ಮೇಲೂ ಮುಚ್ಚಿಟ್ಟ ತಪ್ಪು.

ಮಾಗಡಿಯ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ‘ಇಸ್ಕೂಲ್’ ಎನ್ನುವವರನ್ನೂ ‘ಡಿಸ್ಕಸ್ ಅಬೌಟ್’ ಎನ್ನುವವರನ್ನೂ ತಿದ್ದುವುದೇ ನನ್ನ ಜೀವನವ್ರತ. ನೀನು ಸೋಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ರೇಡಿಯೋ ಕೇಳಿ ಕೇಳಿ ಇಂಗ್ಲಿಷ್ ಕಲಿತಿದ್ದೆ. ಅಂದು ಪಾಠ ಓದುತ್ತ ನೀನು ‘ವೆಜ್‌ಟಬಲ್’ ಎಂದೆ. ನನ್ನ ಮೇಷ್ಟ್ರು ನನಗೆ ದಯಪಾಲಿಸಿದ್ದು ‘ವೆಜಿಟೇಬಲ್’. ಗುರುಪರಂಪರೆಯ ಮಾನ ಕಾಯುವವನಂತೆ ಎದ್ದು ನಿಂತೆ.

“ಟೇಬಲ್ ಎಲ್ಲಮ್ಮ? ಮನೇಲೇ ಬುಟ್ಟು ಬಂದ್ಯಾ?”

ತರಗತಿ ನಕ್ಕಿತು. ಆಮೇಲೆ ನಮ್ಮ ಪದ್ಧತಿ ಇದ್ದೇ ಇತ್ತಲ್ಲ — ಮೇಷ್ಟ್ರು ಹೇಳಬೇಕು, ಮಕ್ಕಳೆಲ್ಲ ಹಿಂದೆ ಹೇಳಬೇಕು. ‘ವೆಜಿಟೇಬಲ್’ ಎಂದು ಹೇಳಿಸಿದೆ, ಮತ್ತೆ ಮತ್ತೆ, ನಿನ್ನ ತುಟಿಯೂ ಅಲುಗುವವರೆಗೆ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಿಘಂಟು ತೆಗೆದೆ. ನೀನೇ ಸರಿ. ನಿಘಂಟು ಮುಚ್ಚಿ ಟೀ ಕುಡಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ — ಮರುದಿನ ಹೊಸ ಪಾಠ ಶುರುಮಾಡಿದೆ. ಹುಡುಗರು ಆಗಲೇ ನಿನ್ನನ್ನು “ಏನೇ ಟೇಬಲ್” ಎನ್ನುತ್ತಿದ್ದರು. ನೀನು ಮತ್ತೆಂದೂ ಇಂಗ್ಲಿಷ್ ಓದಲು ಏಳಲಿಲ್ಲ. ನಾನೂ ಏಳಿಸಲಿಲ್ಲ. ಅದನ್ನು ದಯೆ ಎಂದು ಕರೆದುಕೊಂಡೆ...

ಈಗ ಬಸ್ ಸ್ಟ್ಯಾಂಡಿಗೆ ಹೋದರೆ ಹೋಟೆಲಿನವನು ವೆಜಿಟೇಬಲ್ ಪಲಾವ್ ಇದೆ ಎನ್ನುತ್ತಾನೆ, ಕಂಡಕ್ಟರ್ ವೆಜಿಟೇಬಲ್ ಮೂಟೆಗೆ ಲಗೇಜ್ ಕೇಳುತ್ತಾನೆ. ಇಬ್ಬರೂ ನನ್ನ ಶಿಷ್ಯೋತ್ತಮರು. ನನ್ನ ತಪ್ಪಿಗೆ ತಾಲ್ಲೂಕಿನ ಮೂಲೆಮೂಲೆಗೂ ಬಸ್ಸಿದೆ. ಅದನ್ನು ಒಪ್ಪಿಕೊಳ್ಳುವ ಮಾತು ಮಾತ್ರ ಇಷ್ಟು ವರ್ಷವಾದರೂ ಗಂಟಲು ದಾಟಲಿಲ್ಲ. ಯಾರ ಮೇಲೆ ರೇಗಲಿ?

ಹೋದ ಭಾನುವಾರ ನೀನು ಮಗಳನ್ನು ಟ್ಯೂಷನ್ನಿಗೆ ಸೇರಿಸಲು ಮನೆಗೆ ಬಂದೆ. ನಾನು ಅವಳಿಗೆ ಪುಸ್ತಕ ಕೊಟ್ಟು ಓದಿಸಿದೆ. ಫೋನಿನಲ್ಲಿ ಕೇಳಿ ಕಲಿತ ಹುಡುಗಿ, ಸಲೀಸಾಗಿ ‘ವೆಜ್‌ಟಬಲ್’ ಎಂದಳು. ನೀನು ಗಾಬರಿಯಿಂದ ಅವಳ ಕೈ ಹಿಡಿದೆ.

“ಹಂಗನ್ಬ್ಯಾಡ ಕಣೇ, ನಗ್ತಾರೆ. ಒಸಿ ತಿದ್ದಿ ಮೇಷ್ಟ್ರೇ — ನಂಗೆ ತಿದ್ದಿದ್ರಲ್ಲ, ಹಂಗೇಯ.”

ನಾನು ಏನೆಂದೆ? “ಆಗಲಮ್ಮ” ಎಂದೆ. ಈ ವಯಸ್ಸಿನಲ್ಲೂ — ಆಗಲಮ್ಮ.

ಬರುವ ಭಾನುವಾರ ಮಗಳನ್ನು ಬಿಟ್ಟು ಹಾಗೇ ಹೋಗಬೇಡ, ನೀನೂ ಒಳಗೆ ಬಂದು ಕೂರು. ಟ್ಯೂಷನ್ನಿನ ಮಕ್ಕಳೆಲ್ಲ ಇರುತ್ತಾರೆ. ಆ ಪದವನ್ನು ನೀನು ಹೇಳು, ಅಂದು ಹೇಳಿದಂತೆಯೇ. ನಾನು ಹಿಂದೆ ಹೇಳುತ್ತೇನೆ.