ನೆತ್ತಿಯ ಎಣ್ಣೆ

ತಪ್ಪನ್ನೆಲ್ಲ ಎಣ್ಣೆಯ ಮೇಲೆ ಹೊರಿಸುವ ಓದಿದವರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹಸುಗೂಸುಗಳ ಮೆದುಳು ಹೇಗೆ ಬೆಳೆಯುತ್ತದೆ ಎಂದು ನೋಡುವ ಲ್ಯಾಬಿನಲ್ಲಿ, ವೈಟ್‌ಫೀಲ್ಡಿನ ಒಂದು ಗಾಜಿನ ಕಟ್ಟಡದಲ್ಲಿ, ನಾನು ಸಂಶೋಧನಾ ಸಹಾಯಕಿಯಾಗಿದ್ದೆ. ಸುತ್ತಮುತ್ತಲ ಬಾಡಿಗೆ ಕೋಣೆಗಳಿಗೆ ಹೋಗಿ ತಾಯಂದಿರನ್ನು ಒಪ್ಪಿಸಿ ಕರೆತರಬೇಕು. ಮಗುವಿನ ತಲೆಗೆ ತಂತಿಗಳ ಟೋಪಿ ಹಾಕಿ ಚಿತ್ರ ತೋರಿಸಬೇಕು, ಸದ್ದು ಕೇಳಿಸಬೇಕು. ಮಗು ಕಂಡದ್ದಕ್ಕೂ ಕೇಳಿದ್ದಕ್ಕೂ ಮೆದುಳಿನಲ್ಲಿ ಏಳುವ ಅಲೆ ಕಂಪ್ಯೂಟರಿನಲ್ಲಿ ಗೆರೆಯಾಗಿ ಮೂಡುತ್ತದೆ. ಅದಕ್ಕೆ ತಲೆಯಲ್ಲಿ ಎಣ್ಣೆ ಇರಕೂಡದು. ಆದರೆ ನಮ್ಮಲ್ಲಿ ಯಾವ ತಾಯಿ ಕೂಸಿನ ನೆತ್ತಿಗೆ ಎಣ್ಣೆ ಒತ್ತದೆ ಹೊಸಿಲು ದಾಟುತ್ತಾಳೆ? ದೊಡ್ಡವರ ಹತ್ತಿರ ಹೋಗಬೇಕೆಂದರೆ ಇನ್ನೊಂದು ಚೂರು ಜಾಸ್ತಿಯೇ ಒತ್ತುತ್ತಾಳೆ.

ಹಾಗೆ ಬಂದವಳು ಕಾಡುಗೋಡಿಯಲ್ಲಿ ಕೋಣೆ ಹಿಡಿದಿದ್ದ, ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಮಡಿಲಲ್ಲಿ ಆರು ತಿಂಗಳ ಹೆಣ್ಣುಕೂಸು, ಯಾರ ಮುಖ ಕಂಡರೂ ಬೊಚ್ಚುಬಾಯಿ ಬಿಟ್ಟು ನಗುವಂಥದ್ದು. ನೆತ್ತಿಯಲ್ಲಿ ಹರಳೆಣ್ಣೆ ಹಣೆಗೆ ಇಳಿಯುವಷ್ಟು ಇತ್ತು. ಒರೆಸಿ ಒರೆಸಿ ಟೋಪಿ ಹಾಕಿದೆ. ಚಿತ್ರಕ್ಕೆ ಅಲೆ ಚೆನ್ನಾಗಿಯೇ ಎದ್ದಿತು. ಸದ್ದಿಗೆ ಗೆರೆ ಅಲುಗಲೇ ಇಲ್ಲ.

ನಮ್ಮ ಮುಖ್ಯಸ್ಥರು ಪರದೆ ನೋಡಿ ನಕ್ಕರು. "ಸೌಂಡ್‌ದು ಕಾಣಿಸೋದು ನೆತ್ತಿ ಹತ್ರ, ಚಿತ್ರದ್ದು ಹಿಂದಲೆ ಹತ್ರ. ಎಣ್ಣೆ ಎಲ್ಲಿದೆ? ನೆತ್ತಿ ಮೇಲೆ. ಸಿಂಪಲ್. ಈ ಡೇಟಾ ಬಿಸಾಕಿ, ಇನ್ನೊಂದ್ಸಲ ಕರೆಸಿ."

ಮಾತೇನೋ ಒಪ್ಪುವ ಹಾಗಿತ್ತು. ಮುಂದಿನ ತಿಂಗಳು ಬರುವವರೆಗೆ ಎಣ್ಣೆ ಹಚ್ಚಬೇಡ ಎಂದು ಅವಳಿಗೆ ಹೇಳಿದೆ. ಅವಳು ಕಂಗಾಲಾದಳು. "ಎಣ್ಣಿ ಹಚ್ಚಲಿಲ್ಲಂದ್ರ ನೆತ್ತಿ ಆರ್ತದಲ್ರೀ ಅಕ್ಕಾ. ನಮ್ಮತ್ತಿ ಸುಮ್ಮ ಬಿಡಂಗಿಲ್ಲ."

ಆದರೂ ಬಿಟ್ಟಳು. ಅತ್ತೆಯ ಜೊತೆ ದಿನಾ ಜಗಳವಾಡಿ, ಎಣ್ಣೆ ಬಾಟಲಿಯನ್ನು ಟ್ರಂಕಿನಲ್ಲಿ ಬಚ್ಚಿಟ್ಟು, ತಿಂಗಳಾದ ಮೇಲೆ ಕೂಸನ್ನು ಎತ್ತಿಕೊಂಡು ಬಂದಳು. ನೆತ್ತಿಗೆ ಮೂಗಿಟ್ಟು ನೋಡಿದೆ. ಸೋಪು, ಹಾಲು, ಅಷ್ಟೇ ವಾಸನೆ. ಟೋಪಿ ಹಾಕಿದರೆ ಮತ್ತೆ ಅದೇ ಕಥೆ. ಚಿತ್ರಕ್ಕೆ ಅಲೆ ಇದೆ, ಸದ್ದಿಗೆ ಇಲ್ಲ.

ಪಕ್ಕದ ಕೋಣೆಯಲ್ಲಿ ಪರದೆಯ ಮುಂದೆ ಕೂತಿದ್ದ ಮುಖ್ಯಸ್ಥರು, ನಾನು ಅಲ್ಲಿಗೆ ಹೋದ ಕೂಡಲೇ, "ಇನ್ನೂ ಎಣ್ಣೆ ಇದೆ" ಎಂದರು.

"ಇಲ್ಲ ಸಾರ್, ಬಿಟ್ಟಿದ್ದಾಳೆ."

"ಇವ್ರು ಹೇಳೋದನ್ನೆಲ್ಲ ನಂಬ್ತೀರಾ? ಮನೇಲಿ ಹಚ್ತಾರೆ, ಇಲ್ಲಿ ಬಂದು ಇಲ್ಲ ಅಂತಾರೆ."

ನನಗೆ ಪಿತ್ತ ನೆತ್ತಿಗೇರಿತು. "ಹಾಗಾದ್ರೆ ಬಂದು ಮುಟ್ಟಿ ನೋಡಿ ಸಾರ್. ನನಗ್ಯಾಕೋ ಮಗೂಗೆ ಕಿವಿ ಕೇಳಿಸ್ತಿಲ್ಲ ಅನ್ಸುತ್ತೆ."

ಕುರ್ಚಿ ಬಿಟ್ಟು ಏಳಲಿಲ್ಲ ಪುಣ್ಯಾತ್ಮ. "ಅದನ್ನ ಹೇಳೋಕೆ ನೀವೇನು ಡಾಕ್ಟರಾ? ನಮ್ದು ರಿಸರ್ಚ್, ಕ್ಲಿನಿಕ್ ಅಲ್ಲ. ಮನೆಯೋರಿಗೆ ಏನೂ ಹೇಳೋ ಹಾಗಿಲ್ಲ. ಬಿಸಾಕಿ, ಬೇರೆ ಮಗು ಕರ್ಕೊಂಡ್ಬನ್ನಿ."

ಥೂ! ಮಗು ಮಾತು ಕೇಳಿಸಿಕೊಳ್ಳಬೇಕಾದ ತಿಂಗಳುಗಳು ಕಳೆದರೆ ಆ ಮೆದುಳು ಮಾತು ಕಲಿಯಲು ಎಷ್ಟು ಒದ್ದಾಡುತ್ತದೆ ಎಂದು ಸಭೆ ಸಭೆಗಳಲ್ಲಿ ಭಾಷಣ ಬಿಗಿಯುವವರೂ ಇವರೇ. ಆ ತಿಂಗಳುಗಳಲ್ಲಿ ಒಂದನ್ನು ನಾವು ಆಗಲೇ ತಿಂದಿದ್ದೆವು. ಇನ್ನು ಇದನ್ನು ನುಂಗಿಕೊಂಡು ಕೂರುವುದು ನನ್ನ ಕೈಲಾಗಲಿಲ್ಲ.

ನನ್ನ ಊಟದ ಡಬ್ಬಿಯ ಮುಚ್ಚಳ, ಒಂದು ಸ್ಟೀಲ್ ಚಮಚ ತಗೊಂಡು ತಾಯಿ-ಮಗು ಇದ್ದ ಕೋಣೆಗೆ ಹೋದೆ. ಕೂಸು ಚಾಪೆಯ ಮೇಲೆ ದಿಂಬಿಗೆ ಒರಗಿ ಕೂತು ಬಟ್ಟೆಯ ಬೊಂಬೆಯೊಂದನ್ನು ಚೀಪುತ್ತಿತ್ತು. ಎದುರಿಗೆ ತಾಯಿ. ನಾನು ಕೂಸಿನ ಬೆನ್ನ ಹಿಂದೆ ನಿಂತು ಮುಚ್ಚಳಕ್ಕೆ ಬಲವಾಗಿ ಹೊಡೆದೆ. ತಾಯಿ ಹೌಹಾರಿದಳು. ಆ ಸದ್ದಿಗಾದರೂ ಮುಖ್ಯಸ್ಥರು ಬಾಗಿಲಿಗೆ ಓಡಿ ಬಂದರು. ಕೂಸು ರೆಪ್ಪೆ ಮಿಟುಕಿಸಲಿಲ್ಲ. ತಾಯಿಯ ಹೆದರಿದ ಮುಖ ಕಂಡು, ಆಟವೆಂದುಕೊಂಡು ಕಿಲಕಿಲ ನಕ್ಕಿತು.

"ನಿನ್ನ ಮಗೂಗೆ ಕಿವಿ ಕೇಳಿಸ್ತಿಲ್ಲ ಅನ್ಸುತ್ತೆ ಕಣಮ್ಮ" ಎಂದು ಅವರೆದುರಿಗೇ ಹೇಳಿದೆ. "ನಾನು ಡಾಕ್ಟರಲ್ಲ. ನಾಳೇನೇ ಸರ್ಕಾರಿ ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ."

ಅವಳು ಕೂಸಿನ ನೆತ್ತಿ ಸವರಿದಳು. "ಎಣ್ಣಿ ಬಿಟ್ಟಿದ್ದಕ್ಕ ಹಿಂಗಾತೇನ್ರೀ ಅಕ್ಕಾ?"

ಅಲ್ಲ, ಮೊದಲ ಸಲವೂ ಹೀಗೇ ಇತ್ತು ಎಂದು ಎಷ್ಟು ಹೇಳಿದರೂ ಅವಳ ಕೈ ಕೂಸಿನ ನೆತ್ತಿ ಬಿಟ್ಟು ಕದಲಲಿಲ್ಲ. ಬಾಗಿಲಲ್ಲಿ ನಿಂತಿದ್ದವರು, "ನಾಳೆಯಿಂದ ನೀವು ಬರೋದು ಬೇಡ" ಎಂದರು. "ಬರಲ್ಲ ಬಿಡಿ" ಎಂದೆ. ಆ ಮನುಷ್ಯನ ಜೊತೆ ನಾನು ಆಡಿದ ಕೊನೆಯ ಮಾತು ಅದು, ಇನ್ನೂ ನಾಲ್ಕು ಅಂದು ಬರಬೇಕಿತ್ತು ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಪರೀಕ್ಷೆ, ಸಾಲು, ನಾಳೆ ಬಾ ನಾಡಿದ್ದು ಬಾ. ಕೂಸಿಗೆ ಹತ್ತಿರದ ಗುಡುಗು ಬಿಟ್ಟು ಬೇರೇನೂ ಕೇಳಿಸಿರಲಾರದು ಎಂದರು. ಕೊನೆಗೆ ಎರಡೂ ಕಿವಿಗೆ ಮಷೀನು ಹಾಕಿದ ದಿನ ನಾನೂ ಜೊತೆಗಿದ್ದೆ. ಮಷೀನು ಚಾಲೂ ಮಾಡಿದ ಹುಡುಗಿ, "ಕರೀರಿ ಅಮ್ಮ" ಎಂದಳು. ತಾಯಿ ಬಗ್ಗಿ ಕೂಸಿನ ಹೆಸರು ಹಿಡಿದು ಕರೆದಳು.

ಕೂಸು ಬೆಚ್ಚಿಬಿದ್ದಿತು. ತುಟಿ ಸೊಟ್ಟ ಮಾಡಿ, ಅವಳ ಮುಖ ನೋಡುತ್ತಲೇ, ಕಿಟಾರನೆ ಕಿರುಚಿ ಅತ್ತಿತು. ಹುಟ್ಟಿದಂದಿನಿಂದ ಜೋಗುಳ ಹಾಡಿದವಳ ದನಿ ಅದಕ್ಕೆ ಯಾರದೋ ದನಿಯಾಗಿತ್ತು.

ತಾಯಿ ಗಪ್ಪನೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದಲೇ ಪಿಸುಗುಟ್ಟಿದಳು: "ನನ್ನ ದನೀಗೇ ಅಂಜ್ಲಾಕತ್ತಾಳ್ರೀ ಅಕ್ಕಾ. ಇನ್ನ ಸಣ್ಣಗ ಮಾತಾಡ್ಲೇನ್ರೀ?"

"ಬೇಡ ತಾಯಿ, ಸುಮ್ಮನಾಗ್ಬೇಡ. ಮಾತಾಡು, ಮಾತಾಡ್ತಾನೇ ಇರು" ಎಂದೆ.

ಅವಳು ಬಾಯಿಂದ ಕೈ ತೆಗೆಯಲಿಲ್ಲ.