ನೀರು ನಿಲ್ಲದ ಮಣ್ಣು

ನಮ್ಮ ರಾಚಮ್ಮಕ್ಕ ಇಟ್ಟಿಗೆ ಚೂರನ್ನು ನಾಲಿಗೆಗಿಟ್ಟು ನೋಡುತ್ತಿದ್ದಳು. ಬಿದ್ದುಹೋದ ಗೋಡೆ ಕಂಡರೆ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲೇ ಕುಕ್ಕರಿಸುವಳು. ಒಂದು ಚೂರು ಎತ್ತಿ, ಊದಿ, ನಾಲಿಗೆ ತುದಿಗೆ ಮುಟ್ಟಿಸಿ, ಉಗಿದು, ಬೇಕಾದ್ದನ್ನು ಮಡಿಲಿಗೆ ಹಾಕಿಕೊಂಡು ಬೇಡವಾದ್ದನ್ನು ಬಿಸಾಡುವಳು. ಗೋಡೆಯ ಬುಡದ ಇಟ್ಟಿಗೆಗೆ ಚೌಳು ಏರಿರುತ್ತದೆ, ಆ ಉಪ್ಪು ಕುಂಡದ ಗಿಡದ ಬೇರನ್ನು ಸುಡುತ್ತದೆ ಎಂಬುದು ಅವಳ ಲೆಕ್ಕ. ಮಾಗಡಿಯ ನಮ್ಮ ಬೀದಿಯ ಹೆಂಗಸರ ಲೆಕ್ಕವೇ ಬೇರೆ. ಮಣ್ಣು ನೆಕ್ಕುವವಳು ಬಸುರಿಯೇ ಇರಬೇಕೆಂದು ತೀರ್ಮಾನಿಸಿ, ನನ್ನನ್ನು ಬಾವಿಕಟ್ಟೆಯಲ್ಲಿ ಹಿಡಿದು, "ನಿಮ್ಮಕ್ಕಂಗೆ ಎಷ್ಟು ತಿಂಗ್ಳವ್ವಾ?" ಎಂದು ಕೇಳಿದರು. ಇದ್ದೊಬ್ಬ ಮಗಳನ್ನು ಮಣ್ಣು ಮಾಡಿ ವರ್ಷ ತುಂಬಿರದ ತಾಯಿಯ ಬಗ್ಗೆ ಆ ಮಾತು. ನನಗೆ ಮೈಯೆಲ್ಲ ಉರಿದು, ಕೊಡ ಅಲ್ಲೇ ಕುಕ್ಕಿ ಬಂದಿದ್ದೆ. ರಾಚಮ್ಮಕ್ಕ ಮಾತ್ರ ಜರಡಿ ಆಡಿಸುವುದನ್ನು ನಿಲ್ಲಿಸದೆ, "ಅಂದ್ಕಳ್ಳಿ ಬುಡು, ಚೆನ್ನಿ. ಬಾಯಿ ಅವರ್ದು" ಎಂದಳು.

ಅವಳು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಓರಗಿತ್ತಿಯರೆಂದರೆ ಹಾವು ಮುಂಗುಸಿ ಎನ್ನುತ್ತಾರೆ. ನಮ್ಮಲ್ಲಿ ಹಾಗಿರಲಿಲ್ಲ. ತಿಪ್ಪಸಂದ್ರದಿಂದ ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ನಾನು ಹೆದರಿದ್ದು ಅತ್ತೆಗೆ, ಅಂಟಿಕೊಂಡಿದ್ದು ಇವಳಿಗೆ. ಅವಳದು ಮಾತು ಕಡಿಮೆ. ಸಿಟ್ಟು ಬಂದರೆ ಇನ್ನೂ ಕಡಿಮೆ.

ಪ್ಲೇಗು ಬಂದ ವರ್ಷ ನಮ್ಮ ಹಜಾರದಲ್ಲೂ ಇಲಿ ಸತ್ತು ಬಿದ್ದವು. ಅಮಲ್ದಾರರ ಕಡೆಯವರು ತಮಟೆ ಹೊಡೆಸಿ ಊರು ಖಾಲಿ ಮಾಡಿಸಿದರು. ಗುಡೇಮಾರನಹಳ್ಳಿಯ ದಾರಿಯಲ್ಲಿದ್ದ ನಮ್ಮ ಹೊಲದಲ್ಲಿ ತೆಂಗಿನಗರಿಯ ಗುಡಿಸಲು ಹಾಕಿಕೊಂಡೆವು. ರೋಗ ನಮಗಿಂತ ಮೊದಲೇ ಹೊರಟಿತ್ತೋ ಏನೋ, ರಾಚಮ್ಮಕ್ಕನ ಮಗಳು ಗೌರಿಗೆ ಅಲ್ಲಿಯೇ ಜ್ವರ ಬಂದು ಕಂಕುಳಲ್ಲಿ ಗಡ್ಡೆ ಎದ್ದಿತು. ಮೂಗುಬೊಟ್ಟು ಇಟ್ಟುಕೊಂಡು ಕುಣಿಯುತ್ತಿದ್ದ ಕೂಸು ಹೋಗಿಯೇಬಿಟ್ಟಿತು. ಮಣ್ಣಿನ ಕ್ರಿಯೆ ಮಾಡಿಸಲು ಮಠದ ಸ್ವಾಮಿಗಳನ್ನು ಕರೆಯಹೋದ ನನ್ನ ಗಂಡ ಒಬ್ಬರೇ ಹಿಂದಕ್ಕೆ ಬಂದರು. ಪ್ಲೇಗಿನ ಹೆಣಕ್ಕೆ ಯಾರು ಬರುತ್ತಾರೆ? ಹೊಲದ ಮೂಲೆಯಲ್ಲಿ ಅವಸರದಲ್ಲಿ ಮಣ್ಣು ಮಾಡಿದರು. ಒಂದು ಬಿಲ್ವಪತ್ರೆಯೂ ಆ ಮಗುವಿನ ಮೇಲೆ ಬೀಳಲಿಲ್ಲ.

ಊರು ಬಿಡುವ ಮುಂಚೆ, ಪೂಜೆಗೆಂದು ತಂದಿದ್ದ ಬಿಲ್ವದ ಕಾಯಿಯೊಂದನ್ನು ಗೌರಿ ಒಡೆದು, ಬೀಜವನ್ನು ಕುಂಡವೊಂದರಲ್ಲಿ ಚುಚ್ಚಿದ್ದಳು. ಗುಡಿಸಲಿಗೂ ಹೊತ್ತು ತಂದಿದ್ದಳು. ಅವಳು ಹೋದ ಮೇಲೆ ಅದು ಮೊಳೆಯಿತು. ಆ ಗಿಡ ಬೆಳೆಯಬೇಕು, ಮಗಳ ತಲೆಯ ಹತ್ತಿರ ಅದನ್ನು ಊರಬೇಕು, ವರ್ಷವೆಲ್ಲ ಅದರ ಪತ್ರೆ ಮಗಳ ಮೇಲೆ ಉದುರಬೇಕು. ರಾಚಮ್ಮಕ್ಕನಿಗೆ ಈ ಲೋಕದಲ್ಲಿ ಬೇಕಾಗಿ ಉಳಿದದ್ದು ಇದೊಂದೇ. "ಈಗ್ಲೇ ಊರಿದ್ರೆ ಮೇಕೆ ಬಾಯಿಗೆ ಹೋಯ್ತದೆ. ಎದೆಮಟ್ಟ ಬರ್ಲಿ" ಎಂದು, ಊರಿಗೆ ವಾಪಸಾಗುವಾಗ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡೇ ಗಾಡಿಯಲ್ಲಿ ಕೂತಳು.

ಮನೆಯ ತೊಟ್ಟಿಯಂಗಳದಲ್ಲಿ ಗಿಡಕ್ಕೆ ಕುತ್ತು ಬಂದದ್ದು ನಮ್ಮ ಪ್ರೀತಿಯಿಂದಲೇ. ಲಿಂಗಕ್ಕೆ ಮಜ್ಜನ ಮಾಡಿದ ನೀರನ್ನು ಯಾರೂ ತುಳಿಯಬಾರದೆಂದು ಗಿಡದ ಬುಡಕ್ಕೆ ಹಾಕುವುದು ನಮ್ಮ ಪದ್ಧತಿ. ಮೊದಲೆಲ್ಲ ಹಿತ್ತಲ ಕಣಗಿಲೆಗೆ ಹಾಕುತ್ತಿದ್ದೆವು. ಈಗ ಅತ್ತೆ ಗೌರಿಯ ಕುಂಡಕ್ಕೇ ಹಾಕತೊಡಗಿದರು. ಭಾವನವರೂ ಹಾಕಿದರು, ನನ್ನ ಗಂಡನೂ ಹಾಕಿದರು, ನಾನೂ ಹಾಕಿದೆ. ಆ ಮಗುವಿಗೆ ಅಂದು ಮುಟ್ಟಿಸಲಾಗದ್ದನ್ನು ಇಂದಾದರೂ ಮುಟ್ಟಿಸೋಣವೆಂಬ ಆಸೆ ಎಲ್ಲರಿಗೂ ಇತ್ತು. ಎಲೆ ಹಳದಿಯಾಗಿ ಉದುರಿತು. ರಾಚಮ್ಮಕ್ಕ ಬೆರಳು ಇಳಿಸಿ ಮೂಸಿ ನೋಡಿದಳು. ಮಣ್ಣು ಕೊಳೆತ ವಾಸನೆ ಹೊಡೆಯುತ್ತಿತ್ತು.

"ಅತ್ತೆಮ್ಮಾ, ಇದ್ಕೆ ಇನ್ ನೀರಾಕ್ಬ್ಯಾಡಿ. ಬೇರು ಕೊಳೀತಾ ಐತೆ."

ಅತ್ತೆ ತಂಬಿಗೆಯನ್ನು ಕೆಳಗಿಟ್ಟರು. "ನನ್ ಮೊಮ್ಮಗಳ ಗಿಡುಕ್ಕೆ ನಾನು ನೀರು ಹಾಕ್ಬಾರ್ದಾ? ಅವತ್ತೂ ಕೈಯಾರೆ ಏನೂ ಮಾಡಕ್ಕಾಗ್ನಿಲ್ಲ. ಇವತ್ತೂ ಬ್ಯಾಡ ಅಂತೀಯಾ?" ಎಂದವರೇ ಒಳಗೆ ಹೋಗಿ ಮುಸುಕು ಹಾಕಿ ಮಲಗಿದರು. ಅಂದು ಊಟಕ್ಕೂ ಏಳಲಿಲ್ಲ.

ನನಗೆ ಅತ್ತೆಯ ಮೇಲೆ ಕೋಪ ಬಂದಿತ್ತು, ಹೇಳಿಯೂ ಹೇಳಿದೆ. ರಾಚಮ್ಮಕ್ಕ ಕುಂಡವನ್ನು ಬಿಸಿಲಿಗೆ ಸರಿಸಿದಳು. ಆಮೇಲೆ, "ಅವ್ರಿಗೂ ಕೂಸಲ್ವೇನೆ, ಚೆನ್ನಿ? ಹಾಕ್ಬ್ಯಾಡಿ ಅನ್ನಕ್ಕೆ ನಾನ್ಯಾರು? ಹಾಕ್ಲಿ. ಹಾಕಿದ್ದು ನಿಲ್ದಂಗೆ ನಾನು ಮಾಡ್ತೀನಿ" ಎಂದು ಕುಕ್ಕೆ ಎತ್ತಿಕೊಂಡು ಹೊರಟಳು.

ಊರಾಚೆಯ ಬಂಡೆ ಬಿಸಿಲು ಮಳೆಗೆ ಸವೆದು, ಬುಡದಲ್ಲಿ ಹರಳು ಹರಳಾಗಿ ಉದುರಿರುತ್ತದಲ್ಲ, ಆ ನೊರಜನ್ನು ತಂದಳು. ಇಟ್ಟಿಗೆ ನೆಕ್ಕುವ ವ್ರತ ಶುರುವಾದದ್ದೂ ಆಗಲೇ. ನನಗೆ ತವರೂರ ಅಭಿಮಾನ ಎಲ್ಲಿ ಹೋಗುತ್ತದೆ? "ತಿಪ್ಪಸಂದ್ರದ ಕೆರೆಗೋಡು ಮಣ್ಣು ತರಿಸ್ಲಾ ಅಕ್ಕ? ಒಣಗಿದ್ ಕೋಲೂ ಚಿಗುರ್ತದೆ" ಎಂದೆ. "ನಿಮ್ಮೂರ ಗೋಡು ಗದ್ದೆಗೆ ಚೆಂದ ಕಣೆ. ಕುಂಡ ಅನ್ನದು ಕೈಕಾಲು ಕಟ್ಟಾಕಿದ್ ಜಾಗ. ಅಲ್ಲಿ ಗೋಡು ತುಂಬಿದ್ರೆ ಉಸ್ರು ಕಟ್ಟೋಯ್ತದೆ" ಎಂದಳು.

ನೊರಜನ್ನೂ ಇಟ್ಟಿಗೆಯನ್ನೂ ಜರಡಿ ಹಿಡಿದಳು. ರಾಗಿಗಿಂತ ದಪ್ಪ, ಕಡಲೆಗಿಂತ ಸಣ್ಣ ಇದ್ದದ್ದು ಮಾತ್ರ ಉಳಿಯಬೇಕು. ದೂಳು ಸೇರಿದರೆ ಗಾರೆಯಂತೆ ಕಚ್ಚಿಕೊಳ್ಳುತ್ತದೆಂದು, ನೀರು ತಿಳಿಯಾಗುವ ತನಕ ತೊಳೆದು ಬಿಸಿಲಿಗೆ ಹರವಿದಳು. ಇದ್ದಿಲ ಚೂರು ಒಂದಿಷ್ಟು, ಹಳೆಯ ಗೊಬ್ಬರ ಉಪ್ಪಿನಕಾಯಿಗೆ ಇಂಗು ಹಾಕಿದಷ್ಟು. ಎಲ್ಲ ಕಲಸಿ, ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಸುಕಿ ಬಿಚ್ಚಿದಳು. ಉದುರಿದರೆ ಸರಿ. "ಉಂಡೆ ನಿಂತ್ರೆ ಮುದ್ದೆಗಾಯ್ತು, ಗಿಡುಕ್ಕಲ್ಲ" ಎನ್ನುವಳು.

ಅದಕ್ಕೂ ಮೊದಲು, ಅವಳು ಚಪ್ಪಡಿಯ ಮೇಲೆ ಇಟ್ಟಿಗೆ ಒಡೆಯುತ್ತಿದ್ದಾಗ ಅತ್ತೆ ಎದ್ದು ಬಂದರು. ಚಪ್ಪಡಿಯ ಆಚೆ ಬದಿಗೆ ಕೂತು, ತಾವೂ ಒಂದು ಗುಂಡುಕಲ್ಲು ತೆಗೆದುಕೊಂಡು ಕುಟ್ಟತೊಡಗಿದರು. ಒಂದು ಹಿಡಿ ಚೂರು ಎತ್ತಿ ತೋರಿಸಿ, "ಇಷ್ಟು ಸಣ್ಣ ಸಾಕೇನವ್ವ?" ಎಂದರು.

"ಸಾಕು ಅತ್ತೆಮ್ಮಾ."

ಗಿಡ ಕಿತ್ತು, ಬೇರು ತೊಳೆದು, ಕೊಳೆತದ್ದನ್ನು ಚಿವುಟಿ, ಹೊಸ ಮಣ್ಣಿಗೆ ಕೂರಿಸಿದಳು. ಮಾರನೆಯ ಬೆಳಗ್ಗೆ ನಾವೆಲ್ಲ ಹಾಕಿದ ನೀರು ಸುರಿದದ್ದೇ ತಡ ಕೆಳಗಿನ ತೂತಿನಿಂದ ಇಳಿಯಿತು. ಅದನ್ನೂ ತುಳಿಯಬಾರದಲ್ಲ! ಅತ್ತೆ ಬಟ್ಟಲಿನಲ್ಲಿ ಹಿಡಿದು ಮತ್ತೆ ಕುಂಡಕ್ಕೇ ಹಾಕಿದರು. ರಾಚಮ್ಮಕ್ಕ ನನ್ನ ಮುಖ ನೋಡಿ ನಕ್ಕಳು. ಆ ನಗು ನೋಡಿ ನನಗೆ ಅಳು ಬಂತು.

ಗಿಡ ಬದುಕಿತು. ಎದೆಮಟ್ಟ ಬಂದಾಗ ಗೌರಿಯ ತಲೆಯ ಬಳಿ ಊರಿ, ಸುತ್ತ ಮುಳ್ಳು ಕಟ್ಟಿದೆವು. ಅತ್ತೆ ಹೋದರು, ಭಾವನವರಿಗೆ ಮುಪ್ಪು ಬಂತು, ಗಿಡ ಮರವಾಯಿತು. ನೆಲ ಕಾಣದಂತೆ ಪತ್ರೆ ಬೀಳುತ್ತಿತ್ತು. "ನನ್ನೂ ಇಲ್ಲೇ ಪಕ್ಕುಕ್ಕೆ ಹಾಕಿ" ಎಂದು ರಾಚಮ್ಮಕ್ಕ ಹೋದಾಗಲೆಲ್ಲ ಹೇಳುತ್ತಿದ್ದಳು.

ಕೊನೆಗೆ ಅವಳು ಹಾಸಿಗೆ ಹಿಡಿದಾಗ, ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದ ನನ್ನ ಕೈ ಹಿಡಿದುಕೊಂಡಳು.

"ಚೆನ್ನಿ, ಗೌರಿ ಪಕ್ಕ ಅಗೀಬ್ಯಾಡಿ ಅನ್ನು. ಅಲ್ಲೆಲ್ಲ ಬೇರು ಹೋಗವೆ. ಹಾರೆ ತಗಲ್ತದೆ. ನನ್ನ ಒಸಿ ದೂರುಕ್ಕೆ ಹಾಕಿ."

"ಎಷ್ಟು ದೂರ ಅಕ್ಕ?"

"ಬೇರು ಸಿಗದ ತಾವು."

ಎರಡು ದಿನಕ್ಕೆ ಅವಳು ಹೋದಳು. ಹೇಳಿದಂತೆ ಒಂದಷ್ಟು ದೂರ ಬಿಟ್ಟು ಅಗೆಸಿದೆವು. ಮೊಣಕಾಲುದ್ದ ಹೋಗುವಷ್ಟರಲ್ಲಿ ಬೇರು ಕಂಡಿತು. ಅಗೆಯುವವನು ಹಾರೆ ಇಳಿಸಿ ನಮ್ಮ ಮುಖ ನೋಡಿದ. ಭಾವನವರು ಬೇಡವೆಂದು ತಲೆಯಾಡಿಸಿ, ಮುಚ್ಚಿಸಿ, ಇನ್ನೂ ಆಚೆ ಅಗೆಸಿದರು. ಅಲ್ಲಿಯೂ ಬೇರು. ಹೊಲದ ಆ ಕೊನೆಯ ಬದುವಿನ ಹತ್ತಿರ ಮಾತ್ರ ಏನೂ ಸಿಗಲಿಲ್ಲ. ಅಲ್ಲಿಯೇ ಅವಳನ್ನು ಇಟ್ಟೆವು. ಮರದ ಪತ್ರೆ ಅಷ್ಟು ದೂರ ಬೀಳುವುದಿಲ್ಲ. ನಾನು ಹೋದಾಗ ಗೌರಿಯ ಮೇಲಿಂದ ಒಂದು ಹಿಡಿ ಎತ್ತಿ ಅವಳಿಗೆ ಹಾಕಿ ಬರುತ್ತೇನೆ.