ನಾಲ್ಕನೇ ಬೇಲಿಯ ಹುಲ್ಲು

ನನ್ನ ಚಿಕ್ಕಮ್ಮನನ್ನು ಊರೆಲ್ಲ ಕರೆಯುವುದು ‘ತಕ್ಕಡಿ’ ಎಂದೇ. ಗಣಿಯ ಗೇಟಿನಲ್ಲಿ ಇಪ್ಪತ್ತೆರಡು ವರ್ಷ ಲಾರಿ ತೂಗಿದವಳು. ಅವಳ ಕಣ್ಣಿಗೆ ಮಣ್ಣೆರಚುವ ಡ್ರೈವರ್ ಇನ್ನೂ ಹುಟ್ಟಿಲ್ಲ. ಗಣಿ ಮುಚ್ಚಿದ ಮೇಲೆ ಗುಂಡಿಗೆ ಮಣ್ಣು ತುಂಬಿ ಹುಲ್ಲು ಬಿತ್ತಿದರು. ಈಗ ಅವಳು ಆ ಹುಲ್ಲನ್ನು ತೂಗುತ್ತಾಳೆ, ನಾನು ಬರೆದುಕೊಳ್ಳುತ್ತೇನೆ.

ಆ ನೆಲದಲ್ಲಿ ನಾಲ್ಕು ಕಡೆ ದನ ನುಗ್ಗದಂತೆ ಬೇಲಿ ಹಾಕಿದ್ದಾರೆ. ಬೇಲಿಯೊಳಗೆ ಒಂದು ಚದರ ಮೀಟರ್, ದನ ಮೇಯುವ ಹೊರಗಡೆ ಒಂದು ಚದರ ಮೀಟರ್ ಹುಲ್ಲು ಕೊಯ್ದು, ಒಣಗಿಸಿ ತೂಗಬೇಕು. ಎಲ್ಲ ಬೇಲಿಗಳದ್ದನ್ನೂ ಒಟ್ಟು ಸೇರಿಸಿದಾಗ ಹೊರಗಿನದು ಒಳಗಿನದರ ಅರ್ಧಕ್ಕಿಂತ ಕಡಿಮೆ ಬಂದರೆ ಅಧಿಕಾರಿಗಳು ದನಗಳಿಗೆ ಆ ನೆಲ ಬಂದ್ ಮಾಡುತ್ತಾರೆ. ಅಲ್ಲಿ ಮೇಯುವ ದನಗಳಲ್ಲಿ ಒಂಬತ್ತು ನಮ್ಮ ಚಿಕ್ಕಪ್ಪನವು. ಬೇರೆ ಮೇವಿಲ್ಲ.

ಎಲ್ಲಿ ಕೊಯ್ಯಬೇಕು ಅನ್ನುವುದಕ್ಕೆ ಬೆನ್ನು ತಿರುಗಿಸಿ ನಿಂತು ತಂತಿಯ ಚೌಕಟ್ಟು ಎಸೆಯಬೇಕು. ಬೇರೆಯವರು ಓರೆಗಣ್ಣಲ್ಲಿ ನೋಡಿಕೊಂಡೇ ಎಸೆಯುತ್ತಾರೆ. ಇವಳು ಕಣ್ಣು ಮುಚ್ಚಿ ಎಸೆದು ಒಮ್ಮೆ ನನ್ನ ಮೊಣಕಾಲಿಗೇ ಬಾರಿಸಿದ್ದಳು.

ಈ ಸಲ ನಾಲ್ಕನೇ ಬೇಲಿಯೊಳಗೆ ಕುಕ್ಕರಗಾಲಲ್ಲಿ ಕೂತವಳು ಕುಡುಗೋಲು ಕೆಳಗಿಟ್ಟಳು. ಮಣ್ಣಲ್ಲಿ ಗೊರಸಿನ ಗುರುತು, ಎಡ ಹಿಂಗಾಲಿನ ತುದಿ ಸೀಳಿದ್ದು. ನಮ್ಮ ಕೊಟ್ಟಿಗೆಯ ಕಳ್ಳ ಹಸುವೇ! ಸಡಿಲಾದ ತಂತಿಯಡಿ ನುಸುಳಿ ಒಳಗೂ ಹೊರಗಿನಷ್ಟೇ ನುಣ್ಣಗೆ ಮೇಯ್ದಿತ್ತು. ಇಲ್ಲಿ ಎರಡೂ ಕಡೆ ತೂಕ ಒಂದೇ ಬರುತ್ತದೆ. ಇದನ್ನು ಲೆಕ್ಕಕ್ಕೆ ಸೇರಿಸಿದರೆ ನಾವು ಗೆದ್ದಂತೆಯೇ. ನನಗೆ ಕುಣಿಯುವಷ್ಟು ಖುಷಿಯಾಯಿತು, ಸುಳ್ಳೇಕೆ ಹೇಳಲಿ.

“ಬಾಯಿ ಮುಚ್ಕೊಂಡಿರು,” ಅಂದ ಚಿಕ್ಕಪ್ಪ, ಸಂಜೆ ಅವಳ ಬಾಯಿಂದ ವಿಷಯ ಕೇಳಿ. “ಯಾರಿಗ್ ಗೊತ್ತಾಗುತ್ತೆ?”

“ನಿನ್ ಹಸುಗೆ ಗೊತ್ತು, ನನಗೆ ಗೊತ್ತು. ಈಗ ನಿನಗೂ ಗೊತ್ತಾಯ್ತು. ಇನ್ನೆಷ್ಟು ಜನ ಬೇಕು?”

ವಾರದ ನಂತರ ಆಫೀಸಿನಲ್ಲಿ, ಒಂದು ಚೀಲವನ್ನೂ ತೂಗುವ ಮೊದಲೇ, ಅಧಿಕಾರಿಯ ಮುಂದೆ ಹೇಳಿಬಿಟ್ಟಳು: “ನಾಲ್ಕನೇದು ಬಿಡಿ ಸಾರ್. ಒಳಗೆ ಹಸು ಹೋಗಿದೆ. ನಮ್ಮನೇದೇ.” ಮೂಲೆಯಲ್ಲಿ ನಿಂತಿದ್ದ ಚಿಕ್ಕಪ್ಪ ಅವಳನ್ನು ಸುಟ್ಟುಬಿಡುವ ಹಾಗೆ ನೋಡಿದ.

ಉಳಿದದ್ದು ಮೂರು ಜೋಡಿ. ಬೇಲಿಯೊಳಗಿನದೆಲ್ಲ ಸೇರಿ ಒಂಬೈನೂರು ಗ್ರಾಂ. ಹೊರಗಿನದು ನಾನೂರ ಐವತ್ತಾದರೂ ಬರಬೇಕು. ಮೊದಲ ಚೀಲ ನೂರ ನಲವತ್ತು, ಎರಡನೆಯದು ನೂರ ಮೂವತ್ತು. ಕೊನೆಯದರಲ್ಲಿ ನೂರ ಎಂಬತ್ತು ಬೇಕೇ ಬೇಕು! ಚಿಕ್ಕಮ್ಮ ಚೀಲ ಸುರಿದಳು. ಅಂಕಿ ನೂರ ಎಪ್ಪತ್ತು ದಾಟಿತು. ಅವಳು ಚೀಲ ತಿರುವಿ, ಒಳಗೆ ಅಂಟಿದ್ದ ಎಸಳುಗಳನ್ನೆಲ್ಲ ಕೊಡವಿದಳು. ನೂರ ಎಂಬತ್ತಾರು!

ನಾನು ಕಿರುಚಿದೆ. ಅಧಿಕಾರಿಯೂ ನಕ್ಕು, ದನ ಮೇಯಲಿ ಎಂದು ಸಹಿ ಹಾಕಿದರು. ಚಿಕ್ಕಪ್ಪನಿಗೆ ಮಾತ್ರ ಸಮಾಧಾನವಿಲ್ಲ. ಹೊರಗೆ ಬಂದದ್ದೇ ಅವಳನ್ನು ತಡೆದು ಕೇಳಿದ: “ಕಮ್ಮಿ ಬಂದಿದ್ರೆ ಏನ್ ಮಾಡ್ತಿದ್ದೆ?”

“ಕಮ್ಮಿ ಅಂತ್ಲೇ ಬರೆಸ್ತಿದ್ದೆ,” ಅಂದಳು ತಕ್ಕಡಿ. “ಆಮೇಲೆ ಮನೇಗ್ ಬಂದು, ಕೊಟ್ಟಿಗೇಲಿ ನಿನ್ ಪಕ್ಕ ಕೂತು ಅಳ್ತಿದ್ದೆ.”